ಪಾಠ ಏಳು

ಪುಣೆಯಿಂದ ಬಂದ ಲಕೋಟೆಯಲ್ಲಿ
ಎಂಟನೆಯ ಇಯತ್ತೆಯ ಪಾಠ, ಮರಾಠಿಯಲ್ಲಿ ಎರಡು ಪುಟ:
ಲೊವಿನಾ ಪೆಟಿಂಗಿಲ್, ಅಮೆರಿಕದ ಲೇಖಕಿ, ಅನುವಾದಕಿ.
ಹುಟ್ಟು ಸಾವಿರದೆಂಟುನೂರ ಮೂವತ್ತೊಂದು, ವರ್ಮಾಂಟ್.
ಸಾವು ಸೊಲ್ಲಾಪುರ.
ನಡುವಿನದನ್ನು ಹದಿನೈದು ದಿನದಲ್ಲಿ ಕನ್ನಡ ಮಾಡಿ ಕೊಡಿ,
ಪುಟಕ್ಕೆ ಇಷ್ಟು, ತೆರಿಗೆ ಕಳೆದು.

ಮೈಂದರಗಿಯ ಕನ್ನಡ ಶಾಲೆಯ ಮಾಸ್ತರ ನಾನು.
ಇಲ್ಲಿ ಬಸ್ಸಿನ ಬೋರ್ಡು ಒಂದು ಭಾಷೆ,
ಬಸ್ಸಿಗೆ ಬೈಯುವುದು ಇನ್ನೊಂದು.
ಕೆಲಸ ಹೊಸದಲ್ಲ.

ಅಪ್ಪ ಚರ್ಮ ಹದ ಮಾಡುವವ. ಮನೆಯಲ್ಲಿ ಎರಡೇ ಪುಸ್ತಕ,
ಒಂದು ಬೈಬಲ್ಲು, ಒಂದು ಕುರಿಗಳ ರೋಗದ್ದು.
ಜರ್ಮನ್ ಕಲಿಸಿದವನು ಸೂಜಿ ಮಾರಲು ಬಂದವನು,
ರಾತ್ರಿಯ ಊಟಕ್ಕೆ ಇಪ್ಪತ್ತು ಶಬ್ದದ ಲೆಕ್ಕ.
ಆ ವರ್ಷ ಹಿಮ ಬಿದ್ದು ದಾರಿ ಕಟ್ಟಿತು,
ಅವನು ತಿಂಗಳು ನಿಂತ, ಕ್ರಿಯಾಪದಗಳೂ ಬಂದವು.
ಮಕ್ಕಳ ಕಥೆ ಬರೆದಳು, ಎಲ್. ಪಿ. ಎಂಬ ಎರಡಕ್ಷರದ ಹಿಂದೆ ಕೂತು.
ಆಮೇಲೆ ಒಬ್ಬ ಪಾದ್ರಿ, ಮದುವೆ, ನೂರಾ ಹದಿನೇಳು ದಿನದ ಹಡಗು.
“ಪತಿಯ ಕಾರ್ಯದಲ್ಲಿ ನೆರವಾದರು” ಅನ್ನುತ್ತದೆ ಪಾಠ.
ಆ ‘ನೆರವಾದರು’ ಮೇಲೆ ಪೆನ್ನು ಊರಿ ಕೂತೆ,
ಚಹಾ ಆರಿತು.

ಜೊತೆಗೆ ಅವಳ ಪತ್ರಗಳ ಜೆರಾಕ್ಸು, ಅರ್ಧ ಕಪ್ಪು.
ನೇಕಾರ ಓಣಿಯ ದುಂಡವ್ವನ ಹತ್ತಿರ ಕನ್ನಡ ಕಲಿಯುತ್ತಿದ್ದಾಳೆ.
ತನ್ನದೊಂದು ಕಥೆ ಹೇಳಹೊರಟರೆ ಮೊದಲ ಸಾಲಿನಲ್ಲೇ ಹಿಮ.
ಮಂಜು ಎಂದರೆ ದುಂಡವ್ವನಿಗೆ ಮಾಘದ ಬೆಳಗಿನ ಹೊಗೆ,
ಹಿಮ ಎಂದರೆ ಶಿವನ ಮಾವ.
ಕೊನೆಗೆ, “ಆಕಾಶದಿಂದ ಅರಳೆ ಬೀಳತದ” ಅಂದಳಂತೆ.
ದುಂಡವ್ವ ಲಾಳಿ ನಿಲ್ಲಿಸಿ ಕೇಳಿದಳಂತೆ:
“ಹಂಗಾರ ಅದನ್ನ ನೂಲವರು ಯಾರು?
ಅಷ್ಟು ಅರಳಿ ಪುಕ್ಕಟ ಬೀಳೂ ಊರು ಬಿಟ್ಟು
ಇಲ್ಲಿಗ್ಯಾಕ ಬಂದೆವ್ವಾ?”
ಮುಂದಿನ ಸಾಲಿನಲ್ಲಿ ಗಂಡನ ಜ್ವರದ ಸುದ್ದಿ.
ಅದರ ಮುಂದಿನ ಪತ್ರಕ್ಕೆ ಕಪ್ಪು ಅಂಚು.

ಎಪ್ಪತ್ತೇಳರ ಬರ.
ಕೆರೆ ತೋಡುವ ಕಾಮಗಾರಿ, ಚೀಟಿ ಇದ್ದವರಿಗೆ ಜೋಳ.
ಗುಮಾಸ್ತ ಇಂಗ್ಲಿಷಿನಲ್ಲಿ ಬರೆದ, ಸಾಹೇಬ ಓದಿ ಕೂಗಿದ.
ಬಸಲಿಂಗವ್ವ ಬಾಸ್ಲಿಂಗ್ ಆಗಿ
ಗಂಡಸರ ಸಾಲಿನಲ್ಲಿ ಕರೆಯಲ್ಪಟ್ಟಳು.
ಯಾರೂ ಎದ್ದು ನಿಲ್ಲಲಿಲ್ಲ. ಆ ದಿನದ ಜೋಳ ಚೀಲದಲ್ಲೇ ಉಳಿಯಿತು.

ಲೊವಿನಾ ಅರ್ಧ ಮಾಡಿದ ಪುಸ್ತಕ ಪೆಟ್ಟಿಗೆಗೆ ಹಾಕಿ
ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂತಳು.
ಒಬ್ಬೊಬ್ಬರನ್ನೂ ಮೂರು ಸಲ ಹೆಸರು ಹೇಳಿಸಿದಳು.
ಒತ್ತಕ್ಷರಕ್ಕೆ ಒಂದು ಚುಕ್ಕಿ, ದೀರ್ಘಕ್ಕೆ ತಲೆಯ ಮೇಲೆ ಗೆರೆ.
ಹೇಗೆ ಕೂಗಬೇಕೆಂದು ಸಾಹೇಬನಿಗೆ ಪಾಠ ಬೇರೆ.
ಯಾವ ಹೆಸರಿನಿಂದಲೂ ‘ಅವ್ವ’ ತೆಗೆಯಲಿಲ್ಲ.
ಒಂಬೈನೂರ ಹನ್ನೆರಡು ಹೆಸರು.
ಆ ಪತ್ರದಲ್ಲಿ ಬೇರೇನೂ ಇಲ್ಲ, ಒಂದು ಸಾಲು ಬಿಟ್ಟು:
“ಈ ವಾರ ಚೆನ್ನಾಗಿ ಅನುವಾದ ಮಾಡಿದೆ.”

ಪಾಠದ ಕೊನೆಯ ಕೃತಿಗಳ ಪಟ್ಟಿಯಲ್ಲಿ ಇದು ಇಲ್ಲ.
ನಾನು ಸೇರಿಸಿದೆ. ಹಿಮದ ಜಾಗದಲ್ಲಿ ಅರಳೆ ಇಟ್ಟೆ.
ಸಮಿತಿಯವರು ಕೆಂಪು ಶಾಯಿಯಲ್ಲಿ ಹಿಮ ಮಾಡಿದರು,
ಹೆಸರುಗಳ ಭಾಗಕ್ಕೆ “ಮೂಲದಲ್ಲಿ ಇಲ್ಲ” ಎಂದು ಬರೆದರು.
ಇಲ್ಲ, ನಿಜ. ಸಹಿ ಮಾಡಿದೆ.

ಕಳಿಸುವ ಮುಂಚೆ ಅವ್ವನಿಗೆ ಓದಿದ್ದೆ, ಎಲ್ಲ ಇರುವ ಪ್ರತಿಯನ್ನು.
ಅವಳ ಹೆಸರು ಗೌರವ್ವ. ರೇಷನ್ ಕಾರ್ಡಿನಲ್ಲಿ ಗೌರಾಬಾಯಿ.
ಆಫೀಸಿನಲ್ಲಿ ಕೂಗಿದಾಗ ಪಕ್ಕದವರು ಮೊಳಕೈಯಿಂದ ತಿವಿಯಬೇಕು.
ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು,
ಹಿಮಕ್ಕೆ ನಗಲಿಲ್ಲ, ಹಡಗಿಗೆ ಬೆರಗಾಗಲಿಲ್ಲ.
ಹರಳೊಂದನ್ನು ಆರಿಸಿ ಅಂಗಳಕ್ಕೆ ಎಸೆದು ಅಂದಳು:
“ಆ ಹೆಣಮಗಳು ಉಂಡಿದ್ದಳೇನೋ, ಆ ಹೊತ್ತು?”

ಜೆರಾಕ್ಸಿನ ಹಾಳೆಗಳನ್ನು ಮತ್ತೆ ತಿರುವಿದೆ,
ಕಪ್ಪಾದ ಅಂಚಿನ ತನಕ.